ಬಾಗಿಲು ಕಾಯುವ ಕೂಲಿ

ಬೆಂಗಳೂರು ದಂಡಿನಿಂದ ಹೊರಟು ಮೂಡಲ ದಿಕ್ಕಿಗೆ ಕೃಷ್ಣರಾಜಪುರದವರೆಗೆ ಇರುವ ಬಾಗಿಲುಗಳನ್ನೆಲ್ಲ ಎಣಿಸುವೆನೆಂದು ಯಾರಾದರೂ ಪಣತೊಟ್ಟರೆ ಅವರ ಆಯುಷ್ಯವೇ ಸಾಲದೆ ಹೋದೀತು. ಶಿವಾಜಿನಗರದ ಅಂಗಡಿಗಳ ಷಟರುಗಳು, ಹಲಸೂರಿನ ಹಳೆಯ ಮನೆಗಳ ತೇಗದ ಕದಗಳು, ಇಂದಿರಾನಗರದ ಬಂಗಲೆಗಳ ಕಬ್ಬಿಣದ ಗೇಟುಗಳು—ಒಂದೇ, ಎರಡೇ! ಆದರೆ ಇವನ್ನೆಲ್ಲ ಒಟ್ಟುಗೂಡಿಸಿದರೂ, ತರಕಾರಿ ಕೊಳ್ಳಲು ಹೊರಟ ಗೃಹಿಣಿಯ ಕೈಚೀಲದಲ್ಲಿರುವ ಮೊಬೈಲ್ ಫೋನಿನ ಒಳಗಿನ ಬಾಗಿಲುಗಳ ಸಂಖ್ಯೆಗೆ ಸಮನಾಗಲಾರದು. ಹೆಬ್ಬೆರಳಿನ ಉಗುರಿನಷ್ಟಿರುವ ಒಂದು ಚಿಪ್ಪಿನಲ್ಲಿ ಇಂದು ಸಾವಿರ ಕೋಟಿಗೂ ಮಿಕ್ಕಿ ಟ್ರಾನ್ಸಿಸ್ಟರುಗಳಿರುವುದುಂಟು. ಅವುಗಳಲ್ಲಿ ನಾಲ್ಕು ನಾಲ್ಕು ಸೇರಿ ಒಂದೊಂದು ಬಾಗಿಲಾಯಿತೆಂದು ಸುಮ್ಮನೆ ಲೆಕ್ಕಕ್ಕೆ ಹಿಡಿದರೂ ಇನ್ನೂರೈವತ್ತು ಕೋಟಿ ಬಾಗಿಲುಗಳು! (ಇಂಗ್ಲಿಷಿನ ‘ಚಿಪ್’ ಕನ್ನಡಿಗರ ಬಾಯಲ್ಲಿ ‘ಚಿಪ್ಪು’ ಆದದ್ದು ಭಾಷೆಯ ಪುಣ್ಯವೆನ್ನಬೇಕು. ಒಳಗೊಂದು ಜೀವವನ್ನು ಅಡಗಿಸಿಟ್ಟುಕೊಂಡ ವಸ್ತುವಿಗೆ ಅದಕ್ಕಿಂತ ಒಪ್ಪುವ ಹೆಸರು ದೊರೆಯಲಾರದು.)

ಈ ಬಾಗಿಲುಗಳಿಗೆ ಪಂಡಿತರು ತರ್ಕದ್ವಾರಗಳೆಂದು ಹೆಸರಿಟ್ಟಿದ್ದಾರೆ. ಅವನ್ನು ಕಟ್ಟುವ ಎಂಜಿನಿಯರುಗಳು ಮಾತ್ರ ಲಾಜಿಕ್ ಗೇಟುಗಳೆಂದೇ ಕರೆಯುತ್ತಾರೆ. ಹೆಸರು ಕೇಳಿ ವಾಚಕರು ಬೆದರಬೇಕಾಗಿಲ್ಲ. ಇಂದಿರಾನಗರದ ಮೆಟ್ರೊ ನಿಲ್ದಾಣದ ಒಳಕ್ಕೆ ಬಿಡುವ ಕದ ತೆರೆಯಬೇಕಾದರೆ ಪ್ರಯಾಣಿಕನ ಕಾರ್ಡು ಸಾಚಾ ಆಗಿರಬೇಕು, ಅದರಲ್ಲಿ ಹಣವೂ ಇರಬೇಕು. ಎರಡರಲ್ಲಿ ಒಂದು ಕೊರತೆಯಾದರೂ ಕದ ಕದಲದು. ಇದು ‘ಮತ್ತು’ ಎಂಬ ದ್ವಾರ. ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ಹಲಸೂರಿಗೆಂದು ನಿಂತವರಿಗೆ ಈ ಬಸ್ಸು ಬಂದರೂ ಆದೀತು, ಆ ಬಸ್ಸು ಬಂದರೂ ಆದೀತು, ಅದು ‘ಅಥವಾ’. ಹೌದೆಂದರೆ ಅಲ್ಲವೆನ್ನುವ, ಅಲ್ಲವೆಂದರೆ ಹೌದೆನ್ನುವ ನೆಂಟರು ಪ್ರತಿಯೊಂದು ಮನೆತನದಲ್ಲಿಯೂ ಒಬ್ಬರಾದರೂ ಇರುತ್ತಾರಷ್ಟೆ? ಅವರೇ ‘ಅಲ್ಲ’ ಎಂಬ ಮೂರನೆಯ ದ್ವಾರ. ಈ ಮೂರನ್ನು ಬೇಕಾದ ಹಾಗೆ ಹೆಣೆದರೆ ಕೂಡುವುದು, ಕಳೆಯುವುದು, ನೆನಪಿಡುವುದು, ಚಿತ್ರ ಬಿಡಿಸುವುದು, ಹಾಡು ಕೇಳಿಸುವುದು ಎಲ್ಲವೂ ಸಾಧ್ಯ. ಆದರೆ ಪ್ರತಿಯೊಂದು ಬಾಗಿಲಿಗೂ ತೆರೆಯಲು, ಮುಚ್ಚಲು, ಕೆಲವೊಮ್ಮೆ ಸುಮ್ಮನೆ ನಿಂತಿರಲೂ ವಿದ್ಯುತ್ತಿನ ರೂಪದಲ್ಲಿ ಕೂಲಿ ಸಲ್ಲಬೇಕು. ಆ ಕೂಲಿಯನ್ನು ಎಷ್ಟು ತಗ್ಗಿಸಬಹುದೆಂಬ ಚಿಂತೆಯಲ್ಲಿ ಬೆಂಗಳೂರಿನ ಪೂರ್ವಭಾಗದ ಎಷ್ಟೋ ತರುಣ ತರುಣಿಯರು ದಿನ ಬೆಳಗಾದರೆ ಕೆಲಸಕ್ಕೆ ಹೋಗುತ್ತಾರೆ.

ತರ್ಕಕ್ಕೂ ಬಾಗಿಲಿಗೂ ಗಂಟು ಬಿದ್ದದ್ದು ಹಳೆಯ ಸಂಗತಿ. ಜಾರ್ಜ್ ಬೂಲ್ ಎಂಬ ಗಣಿತಜ್ಞ ತರ್ಕವನ್ನು ಬೀಜಗಣಿತವಾಗಿಸಿ ೧೮೫೪ರಲ್ಲಿ ಗ್ರಂಥ ಬರೆದನು. ೧೯೩೭ರಲ್ಲಿ ಅಮೆರಿಕದ ಕ್ಲಾಡ್ ಶ್ಯಾನನ್ ಎಂಬ ಇಪ್ಪತ್ತೊಂದರ ವಿದ್ಯಾರ್ಥಿ, ದೂರವಾಣಿ ವಿನಿಮಯ ಕೇಂದ್ರಗಳಲ್ಲಿ ಟಕಟಕನೆ ಬಡಿದುಕೊಳ್ಳುವ ರಿಲೇಗಳು ಆ ಬೀಜಗಣಿತವನ್ನೇ ಮಾಡುತ್ತವೆಂದು ತೋರಿಸಿಕೊಟ್ಟನು. ರಿಲೇ ಎಂದರೆ ತಂತಿ ಸುತ್ತಿದ ಒಂದು ವಿದ್ಯುದಯಸ್ಕಾಂತ, ಅದು ಸೆಳೆದಾಗ ಕೂಡುವ ಲೋಹದ ಎಲೆಗಳು, ಇಷ್ಟೆ. ಸ್ವತಂತ್ರ ಭಾರತ ತನ್ನ ಸ್ವಂತ ದೂರವಾಣಿಗಳನ್ನು ಮಾಡಿಕೊಳ್ಳಲೆಂದು ೧೯೪೮ರಲ್ಲಿ ಕೃಷ್ಣರಾಜಪುರದ ಬಳಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸನ್ನು ಸ್ಥಾಪಿಸಿದಾಗ, ಈ ರಿಲೇಗಳು ಬೆಂಗಳೂರಿಗೆ ಬಂದುವು. ಆ ಊರಿಗೆ ದೂರವಾಣಿನಗರವೆಂಬ ಅಚ್ಚುಕಟ್ಟಾದ ಹೆಸರೂ ಬಂದಿತು.

ಆ ಕಾರ್ಖಾನೆಯಲ್ಲಿ ೧೯೬೬ರಿಂದ ೨೦೦೨ರವರೆಗೆ ದುಡಿದ ಹಿರಿಯರೊಬ್ಬರು ಕೃಷ್ಣರಾಜಪುರದಲ್ಲಿ ಸ್ವಂತ ಮನೆ ಕಟ್ಟಿಕೊಂಡು ನೆಲೆಸಿದ್ದಾರೆ. ಈಗ ಅವರಿಗೆ ಎಂಬತ್ತೊಂದು ದಾಟಿದೆ. ಅವರ ಯೌವನವೆಲ್ಲ ಕಳೆದುದು ರಿಲೇಗಳನ್ನು ಹೊಂದಿಸುವುದರಲ್ಲಿ. ಎಲೆಗೂ ಎಲೆಗೂ ನಡುವೆ ಎಷ್ಟು ಸಂದು ಇರಬೇಕೆಂಬುದನ್ನು ತೆಳುವಾದ ಉಕ್ಕಿನ ಅಳತೆಪಟ್ಟಿ ತೂರಿಸಿ ನೋಡಿ, ಇಕ್ಕಳದಿಂದ ಕೂದಲೆಳೆಯಷ್ಟು ಬಗ್ಗಿಸಿ, ಮತ್ತೆ ನೋಡುವುದು. ಬಗ್ಗಿದ್ದು ಹೆಚ್ಚಾದರೆ ಯಾರೋ ಊರಿನ ದೂರವಾಣಿ ತಪ್ಪು ಮನೆಯಲ್ಲಿ ಗಂಟೆ ಬಾರಿಸೀತು! ಇಂದಿಗೂ ಅವರ ಮನೆಯ ಯಾವ ಕಿಟಕಿಯ ಕೊಂಡಿಯೂ ಸಡಿಲವಾಗಿರುವುದಿಲ್ಲ.

ಅವರ ಕಾಲದ ಬಾಗಿಲಿಗೆ ಕೂಲಿ ಎಷ್ಟಾಗುತ್ತಿತ್ತು? ವಿನಿಮಯ ಕೇಂದ್ರದ ಬ್ಯಾಟರಿ ಐವತ್ತು ವೋಲ್ಟಿನದು. ಸುರುಳಿಯ ತಡೆ ಸಾವಿರ ಓಮ್ ಎಂದುಕೊಂಡರೆ, ಎಲೆಗಳನ್ನು ಸೆಳೆದು ಹಿಡಿದಿರುವಷ್ಟು ಹೊತ್ತೂ ಎರಡೂವರೆ ವಾಟ್ ಸುರಿಯುತ್ತಲೇ ಇರಬೇಕು. ಇಂತಹ ನಾಲ್ಕು ರಿಲೇಗಳಿಗೆ ತಗಲುವ ವಿದ್ಯುತ್ತಿನಲ್ಲಿ ಇಂದು ಅಡಿಗೆಮನೆಯ ಒಂದು ಎಲ್‌ಇಡಿ ದೀಪ ಚೆನ್ನಾಗಿ ಉರಿಯುತ್ತದೆ. ೧೯೬೦ರ ದಶಕದ ಮಧ್ಯದಲ್ಲಿ ಸಿಲಿಕಾನ್ ಬಿಲ್ಲೆಯ ಮೇಲೆಯೇ ಬಾಗಿಲು ಕೊರೆಯುವ ವಿದ್ಯೆ ಪ್ರಚಾರಕ್ಕೆ ಬಂದಾಗ ಕೂಲಿ ಥಟ್ಟನೆ ಕುಸಿಯಿತು. ಟಿಟಿಎಲ್ ಎಂಬ ಆ ಪಂಗಡದ ಬಾಗಿಲೊಂದಕ್ಕೆ ಸುಮಾರು ಹತ್ತು ಮಿಲಿವಾಟ್ ಸಾಕಾಗುತ್ತಿತ್ತು. ಎರಡೂವರೆ ವಾಟ್ ಎಲ್ಲಿ, ಅದರ ಇನ್ನೂರೈವತ್ತರಲ್ಲಿ ಒಂದು ಪಾಲೆಲ್ಲಿ! ಆದರೆ ಅದು ಕೆಲಸವಿದ್ದಾಗಲೂ ಕೂಲಿ, ಇಲ್ಲದಾಗಲೂ ಕೂಲಿ ಕೇಳುವ ಬಾಗಿಲು. ಇಂದಿನ ಮೊಬೈಲಿನ ಇನ್ನೂರೈವತ್ತು ಕೋಟಿ ಬಾಗಿಲುಗಳನ್ನು ಆ ಪಂಗಡದಿಂದಲೇ ಕಟ್ಟಿದ್ದರೆ ಗೃಹಿಣಿಯ ಕೈಚೀಲಕ್ಕೆ ಇಪ್ಪತ್ತೈದು ಮೆಗಾವಾಟ್ ಬೇಕಾಗುತ್ತಿತ್ತು. ೧೯೦೨ರಿಂದ ಕೋಲಾರದ ಚಿನ್ನದ ಗಣಿಗೆ, ೧೯೦೫ರಿಂದ ಬೆಂಗಳೂರಿಗೆ ವಿದ್ಯುತ್ತು ಕಳುಹಿಸಿದ ಶಿವನಸಮುದ್ರದ ಆಗರಕ್ಕೆ ಇಂದಿಗೂ ಇರುವ ಸಾಮರ್ಥ್ಯ ನಲವತ್ತೆರಡು ಮೆಗಾವಾಟ್. ಅದರ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಒಂದು ಫೋನೇ ನುಂಗಿಬಿಡುತ್ತಿತ್ತು.

ಹಾಗಾಗದಂತೆ ಕಾಪಾಡಿದ ಉಪಾಯ ೧೯೬೩ರದು. ಕ್ಯಾಲಿಫೋರ್ನಿಯದ ಫೇರ್‌ಚೈಲ್ಡ್ ಸಂಸ್ಥೆಯಲ್ಲಿದ್ದ ಫ್ರ್ಯಾಂಕ್ ವಾನ್ಲಾಸ್ ಎಂಬಾತ ಒಂದೊಂದು ಬಾಗಿಲಿಗೂ ವಿರುದ್ಧ ಸ್ವಭಾವದ ಎರಡು ಟ್ರಾನ್ಸಿಸ್ಟರುಗಳನ್ನು ಜೋಡಿಯಾಗಿ ನೇಮಿಸಿದನು. ಗರ್ಭಗುಡಿಯ ಎಡಬಲದಲ್ಲಿ ನಿಂತ ದ್ವಾರಪಾಲಕರನ್ನು ನೆನೆದರೆ ವಿಷಯ ಸುಲಭವಾಗುತ್ತದೆ. ಒಬ್ಬನು ಮೇಲಿನ ವಿದ್ಯುತ್ತಿನ ತೊಟ್ಟಿಯ ಕಡೆಗೆ ಕಾವಲು, ಇನ್ನೊಬ್ಬನು ಕೆಳಗಿನ ಬಚ್ಚಲಿನ ಕಡೆಗೆ. ಒಂದೇ ಅಪ್ಪಣೆ ಇಬ್ಬರಿಗೂ ತಲುಪುತ್ತದೆ. ಆದರೆ ಅದನ್ನು ಕೇಳಿ ಒಬ್ಬನು ದಾರಿ ಬಿಟ್ಟರೆ ಮತ್ತೊಬ್ಬನು ದಾರಿ ಮುಚ್ಚುತ್ತಾನೆ. ತೊಟ್ಟಿಯಿಂದ ಬಚ್ಚಲಿಗೆ ನೇರವಾದ ದಾರಿ ಎಂದೂ ತೆರೆದುಕೊಂಡಿರುವುದಿಲ್ಲವಾದ್ದರಿಂದ, ಅಪ್ಪಣೆ ಬದಲಾಗದಿರುವಷ್ಟು ಕಾಲ ವ್ಯಯವೇ ಇಲ್ಲ. ಮನೆಯಲ್ಲಿ ಯಾರೂ ಇಲ್ಲದ ಕೋಣೆಯ ದೀಪವನ್ನು ಆರಿಸಿ ಬರುವ ಹಿರಿಯರ ಬುದ್ಧಿ ಯಂತ್ರಕ್ಕೆ ಬಂದಂತಾಯಿತು. ಸಿಮಾಸ್ ಎಂಬ ಹೆಸರಿನ ಈ ಜೋಡಿಯೇ ಇಂದು ಜಗತ್ತಿನ ಹೆಚ್ಚುಕಡಮೆ ಎಲ್ಲ ಗಣಕಗಳನ್ನೂ ನಡೆಸುತ್ತಿದೆ.

ಕೂಲಿ ಪೂರ್ತಿ ತಪ್ಪಲಿಲ್ಲವೆನ್ನುವುದೂ ನಿಜ. ಇಬ್ಬರು ಪಾಲಕರ ನಡುವೆ ಒಂದು ಪುಟ್ಟ ಕೊಡವಿದೆಯೆಂದು ಭಾವಿಸಬೇಕು. ಬಾಗಿಲು ಒಮ್ಮೆ ತೆರೆದು ಒಮ್ಮೆ ಮುಚ್ಚುವುದೆಂದರೆ ಆ ಕೊಡ ಒಮ್ಮೆ ತುಂಬಿ ಒಮ್ಮೆ ಬರಿದಾಗುವುದು. ತುಂಬುವಾಗ ತೊಟ್ಟಿಯಿಂದ ಹೊರಟ ಶಕ್ತಿಯಲ್ಲಿ ಅರ್ಧ ದಾರಿಯಲ್ಲೇ ಶಾಖವಾಗಿ ಹೋಗುತ್ತದೆ. ಉಳಿದರ್ಧ ಬರಿದಾಗುವಾಗ ಹೋಗುತ್ತದೆ. ಕೊಳಾಯಿ ಅಗಲವಾಗಿರಲಿ, ಕಿರಿದಾಗಿರಲಿ, ಈ ಅರ್ಧದ ಲೆಕ್ಕ ಮಾತ್ರ ಬದಲಾಗದೆಂಬುದು ಸೋಜಿಗದ ಸಂಗತಿ. ಕೊಡವನ್ನು ಕಿರಿದು ಮಾಡಿದರೆ ಕೂಲಿ ಅದೇ ಪ್ರಮಾಣದಲ್ಲಿ ತಗ್ಗುತ್ತದೆ. ತೊಟ್ಟಿಯ ಎತ್ತರವನ್ನು, ಎಂದರೆ ವೋಲ್ಟೇಜನ್ನು ತಗ್ಗಿಸಿದರೆ ಲಾಭ ಇನ್ನೂ ಹೆಚ್ಚು; ಏಕೆಂದರೆ ಕೂಲಿ ಎತ್ತರದ ವರ್ಗವನ್ನು ಅನುಸರಿಸುತ್ತದೆ. ಐದು ವೋಲ್ಟಿನಿಂದ ಒಂದಕ್ಕೆ ಇಳಿದರೆ ಉಳಿತಾಯ ಐದು ಪಟ್ಟಲ್ಲ, ಇಪ್ಪತ್ತೈದು ಪಟ್ಟು. ೧೯೭೦ರಿಂದ ಸುಮಾರು ೨೦೦೫ರವರೆಗೆ ಎಂಜಿನಿಯರುಗಳು ನಡೆದದ್ದು ಈ ಇಳಿಜಾರಿನಲ್ಲಿಯೇ. ಇಂದು ಒಂದು ಪುಟ್ಟ ಬಾಗಿಲನ್ನು ತೆರೆದು ಮುಚ್ಚಲು, ನೂರು ಗ್ರಾಮಿನ ಒಂದು ಬಾಳೆಯ ಹಣ್ಣನ್ನು ಒಂದು ಮೀಟರು ಮೇಲೆತ್ತುವ ಶಕ್ತಿಯನ್ನು ಹತ್ತು ಕೋಟಿ ಕೋಟಿ ಪಾಲು ಮಾಡಿದರೆ ಬರುವ ಒಂದು ಪಾಲಿನ ಆಸುಪಾಸು ಸಾಕು. ಅದೂ ಹೆಚ್ಚೆನ್ನುವರು ಬಲ್ಲವರು. ಒಂದು ಸಂಗತಿಯನ್ನು ಅಳಿಸಿಹಾಕಲು ಪ್ರಕೃತಿ ಕೇಳುವ ಕನಿಷ್ಠ ಕೂಲಿ ಎಷ್ಟೆಂದು ರಾಲ್ಫ್ ಲ್ಯಾಂಡವರ್ ೧೯೬೧ರಲ್ಲಿಯೇ ಲೆಕ್ಕ ಹಾಕಿಟ್ಟಿದ್ದಾನೆ. ಅದಕ್ಕೆ ಹೋಲಿಸಿದರೆ ಇಂದಿನ ಬಾಗಿಲು ಸುಮಾರು ಮೂರು ಲಕ್ಷ ಪಟ್ಟು ದುಂದುಗಾರ.

ಈ ವಿದ್ಯೆ ಬೆಂಗಳೂರಿನ ದಂಡುಪ್ರದೇಶಕ್ಕೆ ಕಾಲಿಟ್ಟದ್ದು ೧೯೮೫ರಲ್ಲಿ. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಮಿಲ್ಲರ್ಸ್ ರಸ್ತೆಯಲ್ಲಿ ಕಚೇರಿ ತೆರೆದು, ಮಾಡಿದ ಕೆಲಸವನ್ನು ಉಪಗ್ರಹದ ಮೂಲಕ ಸಾಗರದಾಚೆಗೆ ಕಳುಹಿಸತೊಡಗಿತು. ಅದರ ಸಾಮಗ್ರಿಯಲ್ಲಿ ಕೆಲವು ಎತ್ತಿನ ಗಾಡಿಯಲ್ಲಿ ಬಂದುವೆಂಬ ಮಾತನ್ನು ಹಳಬರು ಇಂದಿಗೂ ನಗುತ್ತ ಹೇಳಿಕೊಳ್ಳುತ್ತಾರೆ. ಅನಂತರ ಆ ಸಂಸ್ಥೆ ಇನ್ನೂ ಪೂರ್ವಕ್ಕೆ, ಸಿ.ವಿ. ರಾಮನ್ ನಗರಕ್ಕೆ ಸಾಗಿತು. ಸುತ್ತಮುತ್ತ ಅದೇ ಕಸುಬಿನ ಬೇರೆ ಸಂಸ್ಥೆಗಳೂ ಬಂದುವು. ದೂರವಾಣಿನಗರದಿಂದ ಅಲ್ಲಿಗೆ ಹೆಚ್ಚೇನೂ ದೂರವಿಲ್ಲ. ರಿಲೇ ಹೊಂದಿಸುತ್ತಿದ್ದ ಹಿರಿಯರ ಮೊಮ್ಮಗಳು ಎಂಜಿನಿಯರಿಂಗ್ ಮುಗಿಸಿ ಸೇರಿದ್ದು ಅಲ್ಲಿಯ ಒಂದು ಸಂಸ್ಥೆಯನ್ನು. ತಾತನಂತೆಯೇ ಅವಳ ಕೆಲಸವೂ ಬಾಗಿಲುಗಳನ್ನು ಹೊಂದಿಸುವುದು. ಇಕ್ಕಳ ಮಾತ್ರ ಇಲ್ಲ.

ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ತಾತ ಕೇಳಿದರಂತೆ:

“ಅಲ್ಲ ಪುಟ್ಟಿ, ಸುಮ್ಮನೆ ನಿಂತ ಬಾಗಿಲಿಗೆ ಕೂಲಿಯೇ ಬೇಡವೆಂದು ೧೯೬೩ರಲ್ಲೇ ತೀರ್ಮಾನವಾಯಿತೆಂದಮೇಲೆ ನಿನಗೇನು ಕೆಲಸ ಉಳಿದಿದೆ?”

“ಮುಚ್ಚಿದ ಬಾಗಿಲು ಈಗ ಸೋರುತ್ತದೆ ತಾತ.”

“ಹಾಗಾದರೆ ಮುಚ್ಚಿಲ್ಲವೆಂದಾಯಿತು. ನಮ್ಮ ಕಾಲದಲ್ಲಿ ಅಂತಹ ರಿಲೇಯನ್ನು ಪರೀಕ್ಷಕರು ಹಿಂದಕ್ಕೆ ಎಸೆಯುತ್ತಿದ್ದರು.”

ಹಿಂದಕ್ಕೆ ಎಸೆಯುವಂತಿಲ್ಲದಿರುವುದೇ ಈ ಕಸುಬಿನ ತೊಡಕು. ತೊಟ್ಟಿಯ ಎತ್ತರವನ್ನು ತಗ್ಗಿಸುತ್ತ ಬಂದ ಹಾಗೆಲ್ಲ ಬಾಗಿಲು ತೆರೆಯುವುದು ನಿಧಾನವಾಗತೊಡಗಿತು. ನಿಧಾನವಾಗದಂತೆ ಹೊಸ್ತಿಲನ್ನು ತಗ್ಗಿಸಿದರು. ಹೊಸ್ತಿಲು ತಗ್ಗಿದರೆ ಮುಚ್ಚಿದ ಕದದ ಅಡಿಯಿಂದ ನೀರು ಜಿನುಗದೆ ಇದ್ದೀತೆ? ಈ ಜಿನುಗುವಿಕೆ ಹೊಸ್ತಿಲಿನೊಡನೆ ಸಮನಾಗಿ ಏರುವುದಿಲ್ಲ. ಹೊಸ್ತಿಲು ಅರುವತ್ತರಿಂದ ನೂರು ಮಿಲಿವೋಲ್ಟಿನಷ್ಟು ತಗ್ಗಿದರೆ ಸೋರಿಕೆ ಹತ್ತು ಪಟ್ಟು; ಇನ್ನೊಂದು ಅಷ್ಟೇ ತಗ್ಗಿದರೆ ನೂರು ಪಟ್ಟು. ಕೋಣೆಯ ಉಷ್ಣತೆಯಲ್ಲಿ ಈ ಬಗೆಯ ಟ್ರಾನ್ಸಿಸ್ಟರಿಗೆ ಅರುವತ್ತಕ್ಕಿಂತ ಒಳ್ಳೆಯ ಲೆಕ್ಕವನ್ನು ಭೌತಶಾಸ್ತ್ರವೇ ಕೊಡಲೊಪ್ಪುವುದಿಲ್ಲ. ಒಂದು ಬಾಗಿಲಿನಿಂದ ಜಿನುಗುವುದು ಹನಿಗೂ ಕಡಮೆ, ಸರಿ. ಆದರೆ ಬಾಗಿಲುಗಳು ಕೋಟಿ ಕೋಟಿ. ೨೦೦೪–೦೫ರ ಹೊತ್ತಿಗೆ ಚಿಪ್ಪುಗಳು ಸಹಿಸಲಾರದಷ್ಟು ಬಿಸಿಯೇರತೊಡಗಿ, ಅವುಗಳ ವೇಗದ ಓಟ ಮೂರು ನಾಲ್ಕು ಗಿಗಾಹರ್ಟ್ಸಿನ ಬಳಿ ಮುಗ್ಗರಿಸಿ ನಿಂತದ್ದಕ್ಕೆ ಇದೂ ಒಂದು ಮುಖ್ಯ ಕಾರಣ. ೨೦೦೭ರಲ್ಲಿ ಹ್ಯಾಫ್ನಿಯಮ್ ಬೆರೆತ ಹೊಸ ಲೇಪ ಬಂದಿತು. ೨೦೧೧ರಲ್ಲಿ ಚಪ್ಪಟೆಯಾಗಿ ಮಲಗಿದ್ದ ಟ್ರಾನ್ಸಿಸ್ಟರನ್ನು ಮೀನಿನ ರೆಕ್ಕೆಯಂತೆ ಎಬ್ಬಿಸಿ ನಿಲ್ಲಿಸುವ ಪದ್ಧತಿಯನ್ನು ಇಂಟೆಲ್ ಸಾರಿತು. ಸೋರಿಕೆಯ ಭರ ತಗ್ಗಿತೇ ಹೊರತು ಸೋರಿಕೆ ನಿಲ್ಲಲಿಲ್ಲ.

ಉಳಿದದ್ದನ್ನು ಬಾಗಿಲು ಕಟ್ಟುವವರ ಜಾಣತನವೇ ನಿಭಾಯಿಸಬೇಕು. ಕೆಲಸವಿಲ್ಲದ ಕೇರಿಗೆ ಗಡಿಯಾರದ ಬಡಿತವನ್ನೇ ಕಳುಹಿಸದಿರುವುದು ಒಂದು ಉಪಾಯ. ಇಡೀ ಕೇರಿಯ ವಿದ್ಯುತ್ತನ್ನೇ ಕಡಿದು ಮಲಗಿಸುವುದು ಇನ್ನೊಂದು. ಮೊಮ್ಮಗಳು ಹೇಳಿದ ಉಪಾಯಗಳಲ್ಲಿ ಹಿರಿಯರಿಗೆ ತುಂಬ ಹಿಡಿಸಿದ್ದು ಮೂರನೆಯದು. ಒಂದರ ಹಿಂದೆ ಒಂದು ಎರಡು ಕದಗಳು ಮುಚ್ಚಿಕೊಂಡರೆ ಸೋರಿಕೆ ಅರ್ಧಕ್ಕೆ ಇಳಿಯುವುದಷ್ಟೇ ಅಲ್ಲ, ಹತ್ತರಲ್ಲೊಂದು ಪಾಲಿನವರೆಗೂ ಇಳಿಯುವುದುಂಟು. ಎರಡರ ನಡುವಣ ಸಂದಿಯಲ್ಲಿ ನಿಂತ ಅಲ್ಪ ವೋಲ್ಟೇಜು ಮೊದಲನೆಯ ಕದವನ್ನು ಇನ್ನಷ್ಟು ಬಿಗಿಯಾಗಿ ಒತ್ತಿಹಿಡಿಯುತ್ತದೆ. ಆದ್ದರಿಂದ ಚಿಪ್ಪು ನಿದ್ರೆ ಹೋಗುವ ಮುನ್ನ ಸಾಧ್ಯವಾದಷ್ಟು ಕಡೆಗಳಲ್ಲಿ ಎರಡೆರಡು ಕದಗಳು ಮುಚ್ಚಿರುವಂತಹ ಅಪ್ಪಣೆಯನ್ನು ಕೊಟ್ಟು ಮಲಗಿಸುತ್ತಾರೆ.

“ಹಳೆಯ ಮನೆಗಳಲ್ಲಿ ತಲೆಬಾಗಿಲೂ ಇರುತ್ತಿತ್ತು, ನಡುಬಾಗಿಲೂ ಇರುತ್ತಿತ್ತು. ರಾತ್ರಿ ಎರಡಕ್ಕೂ ಅಗುಳಿ ಹಾಕಿಯೇ ನಮ್ಮಜ್ಜಿ ಮಲಗುತ್ತಿದ್ದಳು. ಇಷ್ಟು ಹೇಳಲು ನಿಮಗೆ ಅಷ್ಟು ಸಂಬಳವೇ!” ಎಂದರಂತೆ ಹಿರಿಯರು.

ಇವೆಲ್ಲ ಮನೆಯ ಜಗುಲಿಯ ಮೇಲಿನ ಹಗುರ ಮಾತುಗಳಾಗಿಯೇ ಉಳಿಯಬಹುದಿತ್ತು. ಕಳೆದ ವರ್ಷ ಹಿರಿಯರು ಎರಡು ಸಲ ತಲೆ ತಿರುಗಿ ಬಿದ್ದರು. ಎರಡನೆಯ ಸಲ ಬಿದ್ದದ್ದು ಮೆಟ್ಟಿಲಿನ ಮೇಲೆ. ಪರೀಕ್ಷಿಸಿದ ವೈದ್ಯರು, ಹೃದಯದ ಬಡಿತ ಆಗಾಗ ತಡೆದು ನಿಲ್ಲುತ್ತಿದೆ, ಪೇಸ್‌ಮೇಕರ್ ಇಡದೆ ವಿಧಿಯಿಲ್ಲವೆಂದರು. ಹಿರಿಯರು ಕೇಳಿದ ಮೊದಲ ಪ್ರಶ್ನೆ ನೋವಿನದಲ್ಲ, ಖರ್ಚಿನದೂ ಅಲ್ಲ.

“ಅದರ ಬ್ಯಾಟರಿ ಎಷ್ಟು ವರ್ಷ ಬರುತ್ತದೆ ಡಾಕ್ಟರೇ?”

ಎಂಟರಿಂದ ಹತ್ತು ವರ್ಷ, ಮುಗಿದಾಗ ಮತ್ತೆ ಕೊಯ್ದು ಹೊಸದಿಡಬೇಕು ಎಂಬ ಉತ್ತರ ಬಂದಿತು. ತೊಂಬತ್ತರ ವಯಸ್ಸಿನಲ್ಲಿ ಇನ್ನೊಂದು ಕೊಯ್ತ! ಹಿರಿಯರು ನಕ್ಕು, ಅಷ್ಟರಲ್ಲಿ ನನ್ನ ಸ್ವಂತ ಬ್ಯಾಟರಿಯೇ ಮುಗಿದಿರುತ್ತದೆ ಬಿಡಿ ಎಂದರಾದರೂ, ಅವರ ಮಗನಾಗಲಿ ಮೊಮ್ಮಗಳಾಗಲಿ ನಗಲಿಲ್ಲ.

ಮೊದಲ ಪೇಸ್‌ಮೇಕರನ್ನು ದೇಹದೊಳಗೆ ಹೊತ್ತವನು ಸ್ವೀಡನ್ನಿನ ಆರ್ನೆ ಲಾರ್ಸನ್. ಅದು ೧೯೫೮ರ ಮಾತು. ಅದನ್ನು ಬೂಟ್ ಪಾಲಿಷಿನ ಡಬ್ಬಿಯಲ್ಲಿ ರಾಳ ಹೊಯ್ದು ಅಚ್ಚು ತೆಗೆದಿದ್ದರು. ಆ ಯಂತ್ರ ನಡೆದದ್ದು ಕೆಲವೇ ಗಂಟೆಗಳು. ಲಾರ್ಸನ್ ಮಾತ್ರ ಒಟ್ಟು ಇಪ್ಪತ್ತಾರು ಪೇಸ್‌ಮೇಕರುಗಳನ್ನು ಬದಲಾಯಿಸಿಕೊಂಡು, ಮಾಡಿದವನನ್ನೂ ಒಳಗಿಟ್ಟ ವೈದ್ಯನನ್ನೂ ಮೀರಿ ೨೦೦೧ರವರೆಗೆ ಬಾಳಿದನು. ಇಪ್ಪತ್ತಾರು ಸಲ! ಬ್ಯಾಟರಿಯ ಆಯುಷ್ಯವೆಂಬುದು ಮೊಬೈಲಿನ ಜಾಹೀರಾತಿನ ಮಾತಷ್ಟೇ ಅಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಆಸ್ಪತ್ರೆಯ ಹಾಸಿಗೆಯಲ್ಲಿ ಕುಳಿತು ಹಿರಿಯರು ಔಷಧಿಯ ಚೀಟಿಯ ಹಿಂಬದಿಯಲ್ಲಿ ಲೆಕ್ಕ ಹಾಕಿದರು. ಲಿಥಿಯಮ್ ಬ್ಯಾಟರಿಯ ಸಂಗ್ರಹ ಸುಮಾರು ಒಂದು ಆಂಪಿಯರ್ ಗಂಟೆ. ಯಂತ್ರದ ಸರಾಸರಿ ವೆಚ್ಚ ಒಂದು ಆಂಪಿಯರಿನ ಲಕ್ಷದಲ್ಲೊಂದು ಪಾಲು. ಅಲ್ಲಿಗೆ ಲಕ್ಷ ಗಂಟೆ. ಹನ್ನೊಂದು ವರ್ಷಕ್ಕೆ ಸ್ವಲ್ಪ ಹೆಚ್ಚು. ೧೯೬೫ರ ಟಿಟಿಎಲ್ ಬಾಗಿಲು ಒಂದೇ ಒಂದು ಇದ್ದಿದ್ದರೂ ಅದೇ ಸಂಗ್ರಹ ಮೂರು ವಾರಗಳಲ್ಲಿ ಮುಗಿದುಹೋಗುತ್ತಿತ್ತು. ಇನ್ನು, ಇಂದಿನ ಬಾಗಿಲುಗಳೆಲ್ಲ ಸೇರಿ ಇನ್ನೊಂದು ಅಷ್ಟೇ ಪಾಲು ಸೋರಿದರೆ? ಹನ್ನೊಂದು ಐದೂವರೆಗೆ ಇಳಿದೀತು. ಆ ಚೀಟಿಯನ್ನು ಅವರು ಮೊಮ್ಮಗಳ ಕೈಗೆ ಕೊಟ್ಟರು, ಮಾತನಾಡಲಿಲ್ಲ.

ಆ ವಾರ ಅವಳಿಗೆ ಕಚೇರಿಯಲ್ಲಿಯೂ ಬಿಡುವಿರಲಿಲ್ಲ. ಮುಂಗೈಗೆ ಕಟ್ಟಿಕೊಳ್ಳುವ ಆರೋಗ್ಯಮಾಪಕವೊಂದರ ಚಿಪ್ಪಿನ ನಕ್ಷೆಯನ್ನು ಅಚ್ಚಿಗೆ ಕಳುಹಿಸುವ ದಿನ ಸಮೀಪಿಸಿತ್ತು. ಇಂತಹ ನಕ್ಷೆ ಬರೆಯುವವರ ಮುಂದೆ ಎರಡು ಬಗೆಯ ಬಾಗಿಲುಗಳಿರುತ್ತವೆ: ತಗ್ಗು ಹೊಸ್ತಿಲಿನವು ಚುರುಕು, ಆದರೆ ಸೋರುತ್ತವೆ; ಎತ್ತರದ ಹೊಸ್ತಿಲಿನವು ನಿಧಾನ, ಆದರೆ ಬಿಗಿ. ಅವಳ ಪಾಲಿನ ಕೇರಿಯಲ್ಲಿ ಕೆಲವು ಸಂದೇಶಗಳು ಗಡಿಯಾರ ಬಡಿಯುವುದರೊಳಗೆ ತಲುಪುತ್ತಿರಲಿಲ್ಲ. ತಡವಾಗುತ್ತಿದ್ದುದು ಒಂದು ಸೆಕೆಂಡಿನ ಕೋಟಿಯಲ್ಲೊಂದು ಪಾಲಿಗಿಂತಲೂ ಕಡಮೆ. ಎಲ್ಲೆಡೆಯೂ ಚುರುಕು ಬಾಗಿಲುಗಳನ್ನೇ ಇಟ್ಟುಬಿಟ್ಟರೆ ಒಂದು ಸಂಜೆಯ ಕೆಲಸ. ಅವಳ ಮೇಲಿನವರು ಸೂಚಿಸಿದ್ದೂ ಅದನ್ನೇ. ಕೊಳ್ಳುವವರು ಹೇಗೂ ಎರಡು ದಿನಕ್ಕೊಮ್ಮೆ ಚಾರ್ಜ್ ಮಾಡಿಕೊಳ್ಳುತ್ತಾರೆ, ಸೋರಿದರೆ ಯಾರು ನೋಡುತ್ತಾರೆ ಎಂದರು. ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಗಡುವು ತಪ್ಪಿದರೆ ಕಾರ್ಖಾನೆಯಲ್ಲಿ ಕಾದಿರಿಸಿದ ಸರದಿಯೇ ತಪ್ಪುತ್ತದೆ; ಅದರ ಹೊಣೆ ಅವರದೇ.

ಅವಳು ಎರಡು ದಿನಗಳ ಅವಕಾಶ ಕೇಳಿದಳು. ಒಂದು ದಿನ ದೊರೆಯಿತು. ಆಸ್ಪತ್ರೆಯ ಪಡಸಾಲೆಯ ಬೆಂಚಿನ ಮೇಲೆ ತೊಡೆಯ ಮೇಲೊಂದು ಲ್ಯಾಪ್‌ಟಾಪ್ ಇಟ್ಟುಕೊಂಡು, ಒಳಗೆ ತಾತನ ಎದೆಯ ಚರ್ಮದಡಿಯಲ್ಲಿ ಯಂತ್ರವನ್ನು ಹುದುಗಿಸುತ್ತಿದ್ದ ಹೊತ್ತಿನಲ್ಲಿ, ಅವಳು ಒಂದೊಂದೇ ದಾರಿಯನ್ನು ಹಿಡಿದು ನೋಡುತ್ತ ಹೋದಳು. ನಿಜವಾಗಿ ತಡಮಾಡುತ್ತಿದ್ದ ದಾರಿಗಳು ಬೆರಳೆಣಿಕೆಯಷ್ಟು. ಅವುಗಳ ಮೇಲಿನ ಬಾಗಿಲುಗಳನ್ನು ಮಾತ್ರ ಚುರುಕು ಮಾಡಿ, ಸದಾ ಎಚ್ಚರವಾಗಿಯೇ ಇರಬೇಕಾದ ಭಾಗದ ಮಿಕ್ಕ ಬಾಗಿಲುಗಳನ್ನೆಲ್ಲ ಬಿಗಿಯಾದವುಗಳಾಗಿ ಉಳಿಸಿದಳು. ಉಳಿದ ಎರಡು ಭಾಗಗಳಿಗೆ ಸಮಯ ಸಾಲಲಿಲ್ಲ. ಅವು ಸೋರುವ ಬಾಗಿಲುಗಳೊಡನೆಯೇ ಅಚ್ಚಿಗೆ ಹೋದುವು. ಆ ಚಿಪ್ಪಿಗೂ ಪೇಸ್‌ಮೇಕರಿಗೂ ಯಾವ ಸಂಬಂಧವೂ ಇಲ್ಲವೆಂಬುದು ಅವಳಿಗೆ ತಿಳಿಯದ ವಿಷಯವಲ್ಲ. ಆದರೂ ಅಂದು ಔಷಧಿಯ ಚೀಟಿಯನ್ನು ಅವಳು ಲ್ಯಾಪ್‌ಟಾಪಿನ ಅಂಚಿಗೆ ಸಿಕ್ಕಿಸಿಕೊಂಡೇ ಕುಳಿತಿದ್ದಳೆಂದು ಮನೆಯವರು ಹೇಳುತ್ತಾರೆ.

ಮೂರು ತಿಂಗಳ ಬಳಿಕ ತಪಾಸಣೆಗೆ ಹಿರಿಯರು ಮೊಮ್ಮಗಳೊಡನೆ ಕೆ.ಆರ್. ಪುರದಲ್ಲಿ ಮೆಟ್ರೊ ಹತ್ತಿದರು. ವೈದ್ಯರು ಅವರ ಎದೆಯ ಮೇಲೆ ಒಂದು ಬಿಲ್ಲೆಯನ್ನಿಟ್ಟು, ಹೊರಗಿನಿಂದಲೇ ಯಂತ್ರದೊಡನೆ ಮಾತನಾಡಿದರು. ಎಷ್ಟು ಕಡಮೆ ವೋಲ್ಟಿಗೆ ಹೃದಯ ಓಗೊಡುತ್ತದೆಂಬುದನ್ನು ಮೆಲ್ಲಮೆಲ್ಲನೆ ಇಳಿಸಿ ನೋಡಿ, ಸಾಕಷ್ಟು ಭದ್ರತೆಯ ಅಂತರವನ್ನು ಉಳಿಸಿಕೊಂಡು, ಮೊದಲು ಮೂರೂವರೆ ವೋಲ್ಟಿಗೆ ಇಟ್ಟಿದ್ದ ಮಿಡಿತವನ್ನು ಎರಡೂವರೆಗೆ ಇಳಿಸಿದರು. ಗಾಯ ಹಸಿಯಾಗಿದ್ದಾಗ ಹೆಚ್ಚು ಬೇಕಾಗುತ್ತದೆ, ಈಗ ಇಷ್ಟು ಸಾಕು, ಬ್ಯಾಟರಿಯೂ ಹೆಚ್ಚು ಕಾಲ ಬರುತ್ತದೆ ಎಂದರು.

ಹಿರಿಯರ ತುಟಿಗಳು ಆಗಲೇ ಲೆಕ್ಕದಲ್ಲಿ ತೊಡಗಿದ್ದುವು.

“ಮೂರೂವರೆಯ ವರ್ಗ ಹನ್ನೆರಡೂಕಾಲು. ಎರಡೂವರೆಯ ವರ್ಗ ಆರೂಕಾಲು. ಅರ್ಧಕ್ಕರ್ಧ ಉಳಿಯಿತಲ್ಲ ಡಾಕ್ಟರೇ!”

ವೈದ್ಯರು ಅಚ್ಚರಿಯಿಂದ ಅವರ ಕಡೆಗೆ ತಿರುಗಿ ನಕ್ಕರು. “ಮಿಡಿತಕ್ಕೆ ಆಗುವ ಖರ್ಚಿನಲ್ಲಿ ಅರ್ಧ ಉಳಿಯಿತು, ಸ್ವಾಮಿ. ಬ್ಯಾಟರಿಯೆಲ್ಲ ಮಿಡಿತಕ್ಕೇ ಹೋಗುವುದಿಲ್ಲ. ಒಳಗಿನ ಚಿಪ್ಪು ಹಗಲಿರುಳು ಎಚ್ಚರವಾಗಿ ಕಾಯುತ್ತಿರಬೇಕಲ್ಲ, ಅದಕ್ಕೂ ಒಂದು ಪಾಲು ಹೋಗುತ್ತದೆ. ಅದನ್ನು ನಾವು ಇಲ್ಲಿಂದ ತಗ್ಗಿಸುವಂತಿಲ್ಲ.”

“ಆ ಪಾಲು ಇವಳ ಇಲಾಖೆ” ಎಂದು ಹಿರಿಯರು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಮೊಮ್ಮಗಳ ಕಡೆಗೆ ಕೈ ತೋರಿಸಿದರು. ಮುಂದಿನ ತಪಾಸಣೆ ಆರು ತಿಂಗಳಿಗೆಂದು ವೈದ್ಯರು ಚೀಟಿ ಬರೆದುಕೊಟ್ಟರು.